ಗೂಂಜು ತೆಗೆಯೋ ಮಿಷನ್ ಸರಿ, ತೊಳೆ ಬಿಡಿಸೋರು ಯಾರು?

ಸಾಗರದ ಹತ್ರದ ಹಳ್ಳಿಯಿಂದ ಮಹಿಳಾ ಸಂಘದ ಅಕ್ಕ ಒಬ್ರು ಪತ್ರ ಬರೆದಿದಾರೆ. ಹಲಸಿನಕಾಯಿ ಚಿಪ್ಸು, ಹಪ್ಪಳ ಮಾಡ್ತಾರಂತೆ, ಏಜೆಂಟ್ ಒಬ್ಬ ಮೊಬೈಲಲ್ಲಿ ಗೂಂಜು (ಕಾಯಿಯ ನಡುವಿನ ದಿಂಡು) ತೆಗೆಯೋ ಮಿಷನ್ ವಿಡಿಯೊ ತೋರಿಸಿ ಹೋದನಂತೆ, ಸಾಲ ಮಾಡಿ ತಗೋಬಹುದಾ ಅಂತ ಕೇಳಿದಾರೆ.

ಅಕ್ಕ, ಹಲಸಿಗೆ ಅಂತಾದ್ರೆ ಬೇಡ. ಇಂಥ ಮಿಷನ್ನಲ್ಲಿ ಪೈಪಿನ ಥರದ ಟೊಳ್ಳು ಬ್ಲೇಡು ತಿರುಗ್ತಾ ನಡುವೆ ಇಳಿದು ದಿಂಡು ಕೊರೆಯುತ್ತೆ. ಎಲೆಕೋಸಿಗಾದ್ರೆ ಇದು ಸರಿ, ಅದು ಉರುಟಾಗಿರುತ್ತೆ, ತೊಟ್ಟಿನ ಕಡೆ ಬ್ಲೇಡಿಗೆ ಸರಿಯಾಗಿ ಕೂರಿಸಿದ್ರೆ ಮುಗೀತು. ನಮ್ಮ ಹಲಸು ಹಾಗಾ? ಒಂದು ಮರದ್ದು 4 ಕೆಜಿ, ಪಕ್ಕದ ಮರದ್ದು 15 ಕೆಜಿ, ಕೆಲವು ಸೊಟ್ಟ, ಒಳಗಿನ ಗೂಂಜೂ ಸೊಟ್ಟ, ಬ್ಲೇಡಿನ ಅಗಲ ಮಾತ್ರ ಎಲ್ಲದಕ್ಕೂ ಒಂದೇ. ಅಗಲ ಜಾಸ್ತಿ ಆದ್ರೆ ಗೂಂಜಿನ ಜತೆ ತೊಳೆನೂ ಹೋಯ್ತು, ಕಮ್ಮಿ ಆದ್ರೆ ಮತ್ತೆ ಕತ್ತಿ ಹಿಡೀಬೇಕು. ಇನ್ನು ಮೇಣ, ಅದು ನೀರಿಗೆ ಜಪ್ಪಯ್ಯ ಅಂದ್ರೂ ಬಿಡಲ್ಲ, ಬ್ಲೇಡಿಗೆ ಕೊಬ್ಬರಿ ಎಣ್ಣೆ ಸವರ್ತಾನೇ ಇರಬೇಕು, ಸಂಜೆ ಬಿಚ್ಚಿ ಎಣ್ಣೆ ಬಟ್ಟೇಲಿ ಒರೆಸಿ ಆಮೇಲೆ ಬಿಸಿನೀರು ಸೋಪು. ಬಿಚ್ಚಕ್ಕೇ ಬರದ ಮಿಷನ್ ಆದ್ರೆ ದೇವರೇ ಗತಿ.

ಅಸಲಿಗೆ ಗೂಂಜು ತೆಗೆಯೋದು ನಿಮಗೆ ಕಷ್ಟನೇ ಅಲ್ಲ, ಕಾಯಿ ನಾಲ್ಕು ಸೀಳು ಮಾಡಿ ಸೀಳಿಗೊಂದು ಏಟು ಕೊಟ್ರೆ ಆಯ್ತು. ಹೊತ್ತು ಹೋಗೋದು ತೊಳೆ ಬಿಡಿಸಿ, ಬೇಳೆ ತೆಗೆದು, ನಾರು ಬಿಡಿಸೋದ್ರಲ್ಲಿ, ವಿಡಿಯೊದಲ್ಲಿ ಅದು ಬಂದಿರಲ್ಲ ಬಿಡಿ. ಚಿಪ್ಸಿಗೆ ತೊಳೆ ಹೆಚ್ಚೋ ಮಿಷನ್ ಬೇಕಾದ್ರೆ ನೋಡಿ, ಕೈಲಿ ಹೆಚ್ಚಿದ್ರೆ ಒಂದು ದಪ್ಪ ಒಂದು ತೆಳು ಆಗಿ ಬಾಣಲೇಲಿ ಅರ್ಧ ಸೀದು ಅರ್ಧ ಮೆತ್ತಗೆ ಉಳಿಯುತ್ತಲ್ಲ, ಆ ರಗಳೆ ತಪ್ಪುತ್ತೆ.

ಅನಾನಸ್ ಕೆಲಸನೂ ಶುರು ಮಾಡೋ ಯೋಚನೆ ಇದೆ ಅಂದಿದೀರಿ, ಹಾಗಿದ್ರೆ ಲೆಕ್ಕ ಬೇರೆ. ಹವಾಯಿಯ ಡೋಲ್ ಕಂಪನಿಗೆ 1911ರಲ್ಲಿ ಸೇರಿದ ಹೆನ್ರಿ ಜಿನಾಕಾ ಮಾಡಿದ ಮಿಷನ್ನು ಸುಧಾರಿಸ್ತಾ ನಿಮಿಷಕ್ಕೆ 100 ಹಣ್ಣಿನ ಸಿಪ್ಪೆ, ದಿಂಡು ತೆಗೆಯೋ ಮಟ್ಟಕ್ಕೆ ಬಂತು. ನಿಮಗೆ ಅಷ್ಟೆಲ್ಲ ಬೇಡ, ಕೈಲಿ ಒತ್ತೋ ಸ್ಟೀಲಿಂದು ಸಾಕು, ಮಳೆಗಾಲದಲ್ಲಿ ಕರೆಂಟ್ ಹೋದ್ರೂ ನಡೆಯುತ್ತೆ. ಹಣ್ಣು ಮಾತ್ರ ಸಣ್ಣದು ದೊಡ್ಡದು ಅಂತ ಮೊದಲೇ ಬೇರೆ ಮಾಡಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಅನಾನಸ್ ರಸದಲ್ಲಿ ದಿನವಿಡೀ ಕೈಯಾಡಿಸಿದ್ರೆ ಬೆರಳ ಚರ್ಮ ಉಳಿಯಲ್ಲ.

ಸಾಲದ ವಿಷಯ: 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೇಲಿ ಬ್ಯಾಂಕ್ ಸಾಲದ ಜತೆ ಶೇ. 35 ಸಬ್ಸಿಡಿ ಇಟ್ಟಿದಾರೆ, ಈಗ ಅರ್ಜಿ ತಗೊಳ್ತಾರಾ ಅಂತ ಕೃಷಿ ಇಲಾಖೇಲಿ ವಿಚಾರಿಸಿ. ಏಜೆಂಟ್ ಮತ್ತೆ ಬಂದ್ರೆ ಅಡ್ವಾನ್ಸ್ ಕೊಡಬೇಡಿ, ನಿಮ್ಮ ಹಿತ್ತಲಿನ ಸೊಟ್ಟ ಕಾಯಿಗಳನ್ನೇ ಆರಿಸಿ ಡೆಮೊಗೆ ಒಯ್ದು, ಕೊರೆದಾದ್ಮೇಲೆ ಗೂಂಜಿಗೆ ಅಂಟಿ ಹೋದ ತೊಳೆನ ಅವನ ಎದುರಿಗೇ ತೂಕ ಮಾಡಿಸಿ.