ಅಂಟಾರ್ಕ್ಟಿಕದ ಮೈನಸ್ 50 ಡಿಗ್ರಿ ಚಳಿಯಲ್ಲಿ ಮನುಷ್ಯ ಎಷ್ಟು ಹೊತ್ತು ಬದುಕಬಲ್ಲ? ಅಲ್ಲಿಯ ಪೆಂಗ್ವಿನ್, ಮೀನುಗಳಿಗೆ ಏನೂ ಆಗುವುದಿಲ್ಲವೇ?

ಬರೀ ಡಿಗ್ರಿ ಹೇಳಿ ಹೊತ್ತು ಕೇಳಿದರೆ ಉತ್ತರಿಸಲಾಗದು. ಗಾಳಿ ಬೀಸುತ್ತಿದೆಯೇ, ಮೈ ಒದ್ದೆಯೇ, ಹೊಟ್ಟೆ ತುಂಬಿದೆಯೇ, ಇವನ್ನೂ ಹೇಳಬೇಕು. ಅಂಟಾರ್ಕ್ಟಿಕದಲ್ಲಿರುವ ರಷ್ಯನ್ನರ ವೋಸ್ಟಾಕ್ ಸಂಶೋಧನಾ ನೆಲೆಯಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾದಾಗಲೂ ಅಲ್ಲಿ ಜನರಿದ್ದರು.

ನಾನು ಧ್ರುವ ಕಂಡವನಲ್ಲ. ಮಂಜೇಶ್ವರದ ಕಡೆ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ. ನಮ್ಮೂರಿನಲ್ಲಿ ಡಿಸೆಂಬರಿನ ಬೆಳಗ್ಗೆ 22 ಡಿಗ್ರಿಗೆ ಇಳಿದರೆ ತಲೆಗೆ ಮುಂಡಾಸು ಏರುತ್ತದೆ. ಆದರೆ ಒಂದು ವಿಷಯ ಇಲ್ಲಿ ಎಲ್ಲರಿಗೂ ಗೊತ್ತು: ಮೈನಸ್ 18ರ ಒಣ ಕೊಠಡಿಯಲ್ಲಿ ಪೆಟ್ಟಿಗೆ ಎತ್ತುವವನಿಗಿಂತ ಐಸ್ ನೀರಿನಲ್ಲಿ ಬಂಗುಡೆ ಆರಿಸುವವನ ಬೆರಳು ಬೇಗ ಮರಗಟ್ಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸೆಳೆಯುತ್ತದೆ.

ಮೈನಸ್ 50ರಲ್ಲಿ ಜೋರು ಗಾಳಿಯೂ ಇದ್ದರೆ ತೆರೆದ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ದೇಹದ ಒಳಗಿನ ಶಾಖ 35ಕ್ಕಿಂತ ಕೆಳಗಿಳಿದರೆ ನಡುಕ, ತೊದಲು ಮಾತು, ಮಂಕು. 30ರ ಸುಮಾರಿಗೆ ನಡುಕವೇ ನಿಂತುಹೋಗುತ್ತದೆ. ಕೆಲವರು ಸೆಖೆಯೆಂದು ಬಟ್ಟೆ ಕಳಚುವುದೂ ಉಂಟು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ, ಪ್ರಾಣಕ್ಕಿಂತ ಮೊದಲು ಬುದ್ಧಿ ಹೋಗುವುದು. ಹಾಗೆಂದು ಎಲ್ಲರೂ ಸಾಯುವುದಿಲ್ಲ. 1999ರಲ್ಲಿ ನಾರ್ವೆಯಲ್ಲಿ ಹೊಳೆಯ ಮಂಜುಗಡ್ಡೆಯಡಿ ಸಿಲುಕಿದ ವೈದ್ಯೆ ಆನಾ ಬೋಗನ್‌ಹೋಮ್ ಅವರ ದೇಹದ ಶಾಖ 13.7 ಡಿಗ್ರಿಗೆ ಇಳಿದಿತ್ತು. ಅವರು ಬದುಕಿದರು. ತಣ್ಣಗಾದ ಮಿದುಳಿಗೆ ಆಮ್ಲಜನಕ ಬಹಳ ಕಡಿಮೆ ಸಾಕು.

ಇನ್ನು ಮೀನು, ಇದು ನನ್ನ ಕಸುಬಿಗೆ ಹತ್ತಿರದ್ದು. ನಮ್ಮ ಐಸ್ ಡಬ್ಬಗಳು ಮುಳುಗಿರುವ ಉಪ್ಪುನೀರು ಮೈನಸ್ 10ರ ಆಸುಪಾಸಿನಲ್ಲೂ ನೀರಾಗಿಯೇ ಇರುತ್ತದೆ. ಡಬ್ಬದೊಳಗಿನ ಸಿಹಿನೀರು ಮಾತ್ರ ಕಲ್ಲಾಗುತ್ತದೆ. ಅಂಟಾರ್ಕ್ಟಿಕದ ಕಡಲೂ ಮೈನಸ್ 1.9ರವರೆಗೆ ಹೆಪ್ಪುಗಟ್ಟುವುದಿಲ್ಲ. ಆದರೆ ಸಾಮಾನ್ಯ ಮೀನಿನ ರಕ್ತದಲ್ಲಿ ಕಡಲಿನಷ್ಟು ಉಪ್ಪಿಲ್ಲ. ನಮ್ಮ ಬಂಗುಡೆಯನ್ನು ಅಲ್ಲಿಗೆ ಬಿಟ್ಟರೆ ಡಬ್ಬದ ನೀರಿನ ಗತಿಯೇ. ಅಲ್ಲಿಯ ನೊಟೊಥೆನಿಯಾಯ್ಡ್ ಎಂಬ ಗುಂಪಿನ ಮೀನುಗಳ ರಕ್ತದಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. ಅದು ಮಂಜಿನ ಸಣ್ಣ ಹರಳಿಗೆ ಅಂಟಿಕೊಂಡು ಅದನ್ನು ಬೆಳೆಯಗೊಡುವುದಿಲ್ಲ. 1960ರ ದಶಕದಲ್ಲಿ ಇದನ್ನು ಕಂಡುಕೊಂಡವರು ವಿಜ್ಞಾನಿ ಆರ್ಥರ್ ಡಿವ್ರೀಸ್. ತಮಾಷೆಯೆಂದರೆ, ಇವುಗಳಲ್ಲಿ ಕೆಲವು 6 ಡಿಗ್ರಿಯ ನೀರಿನಲ್ಲೇ ಬಿಸಿ ತಾಳಲಾರದೆ ಸಾಯುತ್ತವೆ!

ಪೆಂಗ್ವಿನ್‌ಗಳಿಗೆ ಏನೂ ಆಗುವುದಿಲ್ಲ ಎನ್ನುವುದು ತಪ್ಪು. ಎಂಪರರ್ ಎಂಬ ಜಾತಿಯ ಗಂಡು ಪೆಂಗ್ವಿನ್ನುಗಳು ಸುಮಾರು 65 ದಿನ ಪಾದದ ಮೇಲೆ ಮೊಟ್ಟೆ ಹೊತ್ತು, ಉಪವಾಸವಿದ್ದು, ಒತ್ತೊತ್ತಾಗಿ ನಿಂತು ಚಳಿಗಾಲ ಕಳೆಯುತ್ತವೆ ನಿಜ. ಆದರೆ ಮರಿಗಳ ತುಪ್ಪುಳು ನೀರು ತಡೆಯುವುದಿಲ್ಲ, ತೊಯ್ದರೆ ಮುಗಿಯಿತು. 2016ರಲ್ಲಿ ಅಂಟಾರ್ಕ್ಟಿಕದ ಹ್ಯಾಲಿ ಬೇ ಎಂಬಲ್ಲಿ ಕಡಲ ಮೇಲಿನ ಮಂಜುಗಡ್ಡೆ ಬಿರುಗಾಳಿಗೆ ಸಿಕ್ಕಿ ಮರಿಗಳು ಈಜಲು ಸಿದ್ಧವಾಗುವ ಮೊದಲೇ ಒಡೆಯಿತು. ಆ ವರ್ಷದ ಮರಿಗಳಲ್ಲಿ ಬಹುತೇಕ ಯಾವುವೂ ಉಳಿಯಲಿಲ್ಲ.