ಮದುವೆ ದಿನ ನಮ್ಮ ನಾಯಿಯೂ ಜೊತೆಗಿರಬೇಕು ಅಂತ ಆಸೆ. ನೋಡಿಕೊಳ್ಳೋಕೆ ಒಬ್ಬರನ್ನು ಗೊತ್ತು ಮಾಡಿದರೆ ಆಗುತ್ತಾ?

ಫೆಬ್ರವರಿಯಲ್ಲಿ ಮದುವೆ, ನಾಯಿ ಇಲ್ಲದೆ ಮನಸ್ಸು ಒಪ್ಪುತ್ತಿಲ್ಲ, ಮನೆಯವರು ಬೇಡವೇ ಬೇಡ ಅನ್ನುತ್ತಿದ್ದಾರೆ, ದುಡ್ಡು ಕೊಟ್ಟು ಟ್ರೇನರ್ ಒಬ್ಬರನ್ನು ಕರೆಸಿದರೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ನೀವು ಅಂದುಕೊಂಡ ಹಾಗೆ ಆಗಲಿಕ್ಕಿಲ್ಲ. ನನ್ನ ಮದುವೆಯಲ್ಲಿ ನಮ್ಮ ನಾಯಿ ಕೆಂಚ ಇದ್ದದ್ದು ಒಟ್ಟು ಇಪ್ಪತ್ತೈದು ನಿಮಿಷ. ಮುಹೂರ್ತದ ಹೊತ್ತಿಗೆ ಅವನು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಯಾಕೆ ಇಪ್ಪತ್ತೈದೇ ನಿಮಿಷ ಅಂದರೆ, ನನ್ನ ಮದುವೆಗೂ ಮುಂಚೆ ಅಣ್ಣನ ಮದುವೆ ಆಗಿತ್ತು. ಮಂಡ್ಯದ ಹತ್ತಿರ ಒಂದು ಛತ್ರ. ನಾಯಿ ನೋಡಿಕೊಳ್ಳುವ ಕೆಲಸ ಚಿಕ್ಕಪ್ಪನ ಮಗನಿಗೆ ವಹಿಸಿದ್ದೆವು. ಒಳ್ಳೆ ಹುಡುಗನೇ. ಆದರೆ ತಿಂಡಿಗೆ ಎಲೆ ಹಾಕಿದರು ಅಂತ ಯಾರೋ ಕೂಗಿದರು. ಕೆಂಚನನ್ನು ಅಡುಗೆಮನೆ ಪಕ್ಕದ ಕಿಟಕಿ ಸರಳಿಗೆ ಕಟ್ಟಿ ಇವನು ಊಟದ ಹಾಲ್‌ಗೆ ಹೋಗಿ ಕೂತ. ಅಷ್ಟರಲ್ಲಿ ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಬೆರಳು ಆಡಿಸಿದರು. ಓಲಗದವರು ಒಮ್ಮೆಲೇ ಬಾರಿಸಿದ ರಭಸಕ್ಕೆ ಕೆಂಚ ಹಿಂದಕ್ಕೆ ಜಗ್ಗಿ, ಬೆಲ್ಟಿನಿಂದ ಕತ್ತು ಬಿಡಿಸಿಕೊಂಡು ಓಡಿಬಿಟ್ಟ. ಸಿಕ್ಕಿದ್ದು ಸಂಜೆ, ಛತ್ರದ ಹಿಂದಿನ ಕಬ್ಬಿನ ಗದ್ದೆಯಲ್ಲಿ, ಮೈಯೆಲ್ಲ ಗೀರು. ಅಣ್ಣನ ಧಾರೆಯ ಒಂದು ಫೋಟೋದಲ್ಲೂ ನಾನಿಲ್ಲ. ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ಅಳುತ್ತಾ ಓಡಾಡುತ್ತಿದ್ದೆ.

ಹುಡುಗನ ತಪ್ಪು ಅಂತ ನಾನು ಹೇಳಲ್ಲ. ಮದುವೆ ಮನೆಯಲ್ಲಿ ನಮ್ಮವರು ಅನ್ನುವ ಪ್ರತಿಯೊಬ್ಬರಿಗೂ ಇನ್ನೊಂದು ಕೆಲಸ ಇದ್ದೇ ಇರುತ್ತೆ. ಊಟ, ಫೋಟೋ, ಬೀಗರನ್ನು ಮಾತಾಡಿಸುವುದು. ನಾಯಿ ಬಿಟ್ಟು ಬೇರೇನೂ ನೋಡದ ಒಬ್ಬರು ಬೇಕು ಅಂದರೆ ಹೊರಗಿನವರೇ ಆಗಬೇಕು. ದುಡ್ಡು ಕೊಡುವುದು ಇದಕ್ಕೇ.

ನಾನು ಮೈಸೂರಿನ ಒಬ್ಬ ಟ್ರೇನರ್‌ನ ಗೊತ್ತು ಮಾಡಿದೆ. ಇಬ್ಬರ ಹತ್ತಿರ ಮಾತಾಡಿದ್ದೆ. ಮೊದಲನೆಯವರು ‘ಕರೆತನ್ನಿ ಮೇಡಂ, ಉಂಗುರ ತಂದುಕೊಡೋ ಹಾಗೆ ಮಾಡಿಸ್ತೀನಿ, ವಿಡಿಯೋ ಸೂಪರಾಗಿ ಬರುತ್ತೆ’ ಅಂದರು. ಎರಡನೆಯವರು ಕೇಳಿದ್ದು ಒಂದೇ: ‘ಛತ್ರಕ್ಕೆ ಹಿಂದಿನ ಬಾಗಿಲು ಇದೆಯಾ?’ ನಾನು ಎರಡನೆಯವರಿಗೆ ಅಡ್ವಾನ್ಸ್ ಕೊಟ್ಟೆ. ಅವರು ಆಮೇಲೆ ರೇಬೀಸ್ ಲಸಿಕೆಯ ಕಾರ್ಡ್ ಕೇಳಿ ನೋಡಿದರು, ಯಾರಿಗಾದರೂ ಕಚ್ಚಿದೆಯಾ ಅಂತ ವಿಚಾರಿಸಿದರು. ಇವೆರಡನ್ನೂ ಕೇಳದೆ ಬರುತ್ತೇನೆ ಅನ್ನುವವರನ್ನು ನಂಬಬೇಡಿ.

ಮದುವೆಗೆ ಮುಂಚೆ ಅವರು ಮನೆಗೆ ನಾಲ್ಕು ಸಲ ಬಂದರು. ಮೊದಲ ಸಲ ಕೆಂಚನನ್ನು ಮುಟ್ಟಲೇ ಇಲ್ಲ. ಜಗುಲಿ ಮೇಲೆ ಕೂತು ಟೀ ಕುಡಿದು ಹೋದರು, ಅಷ್ಟೇ. ಇದಕ್ಕೂ ದುಡ್ಡಾ ಅಂತ ಅಪ್ಪ ಗೊಣಗಿದರು. ಎರಡನೇ ಸಲ ಬಂದಾಗ ಕೆಂಚನೇ ಹೋಗಿ ಅವರ ಕಾಲ ಹತ್ತಿರ ಮಲಗಿದ. ಆಮೇಲೆ ಓಲಗದ ಪಾಠ ಶುರುವಾಯಿತು. ಮೊಬೈಲಿನಲ್ಲಿ ನಾದಸ್ವರ, ಡೋಲು ಹಾಕಬೇಕು, ಸೌಂಡ್ ಕೇಳಿಸಿಯೂ ಕೇಳಿಸದಷ್ಟು ಸಣ್ಣದಾಗಿ. ಹಾಕಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಚೂರು. ನಿಲ್ಲಿಸಿದರೆ ಚೂರೂ ಬಂದ್. ದಿನಾ ಹತ್ತು ನಿಮಿಷ, ಎರಡು ದಿನಕ್ಕೊಮ್ಮೆ ಸೌಂಡ್ ಒಂದು ಗೆರೆ ಜಾಸ್ತಿ. ಕಿವಿ ಹಿಂದಕ್ಕೆ ಮಡಚಿದರೆ ಮತ್ತೆ ಒಂದು ಗೆರೆ ಕಮ್ಮಿ. ಮೂರು ವಾರ ಹೀಗೆ ಮಾಡಿದ ಮೇಲೆ, ನಾದಸ್ವರ ಕೇಳಿದರೆ ಕೆಂಚ ಅಡುಗೆಮನೆ ಕಡೆ ನೋಡಿ ಬಾಲ ಆಡಿಸುತ್ತಿದ್ದ!

ಹಾಗಿದ್ದೂ ಟ್ರೇನರ್ ಗಟ್ಟಿಮೇಳಕ್ಕೆ ಬೇಡ ಅಂದರು. ನಮಗೆ ಕೇಳಿಸದ ಕೀಚು ಸ್ವರವೂ ನಾಯಿಗೆ ಕೇಳಿಸುತ್ತೆ: ನಮಗೆ ಹೆಚ್ಚೆಂದರೆ 20,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ತನಕ, ನಾಯಿಗೆ ಸುಮಾರು 45,000ದ ತನಕ. ಮೊಬೈಲಿನ ಸೌಂಡೇ ಬೇರೆ, ಹತ್ತಡಿ ದೂರದಲ್ಲಿ ನಿಂತು ಊದುವುದೇ ಬೇರೆ. ಜೊತೆಗೆ ಹೋಮದ ಹೊಗೆ, ತಲೆ ಮೇಲೆ ಬೀಳುವ ಅಕ್ಷತೆ. ಅದಕ್ಕೇ ಹಿಂದಿನ ದಿನದ ರಿಸೆಪ್ಷನ್ ಆರಿಸಿಕೊಂಡೆವು, ಅದೂ ಜನ ಬರುವ ಮುಂಚೆ.

ಅಜ್ಜಿಯನ್ನು ಒಪ್ಪಿಸಿದ ಕತೆಯನ್ನೂ ಹೇಳಬೇಕು, ನಿಮ್ಮಲ್ಲೂ ಮನೆಯವರದೇ ತಕರಾರು ಅಲ್ವಾ. ನಮ್ಮ ಮನೆದೇವರು ಆದಿಚುಂಚನಗಿರಿ ಭೈರವ. ಭೈರವನ ವಾಹನವೇ ನಾಯಿ. ‘ದೇವರ ಪಕ್ಕ ನಾಯಿ ಇರಬಹುದು, ನನ್ನ ಪಕ್ಕ ಬೇಡ್ವಾ ಅಜ್ಜಿ?’ ಅಂದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, ‘ಅದು ಕಲ್ಲಿಂದು ಕಣೆ. ಕೂದ್ಲು ಉದುರ್ಸಲ್ಲ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಧಾರೆ ಮಂಟಪಕ್ಕೆ ಹತ್ತಿಸಲ್ಲ, ಅಡುಗೆಮನೆ ಕಡೆ ಸುಳಿಸಲ್ಲ ಅಂತ ಮಾತು ಕೊಟ್ಟ ಮೇಲೆ ಹೂಂ ಅಂದರು. ನಿಮ್ಮ ಛತ್ರದವರನ್ನೂ ಈಗಲೇ ಕೇಳಿಬಿಡಿ. ದೇವಸ್ಥಾನಕ್ಕೆ ಸೇರಿದ ಛತ್ರ ಆದರೆ ಹೆಚ್ಚುಕಮ್ಮಿ ಆಗಲ್ಲ ಅಂತಲೇ ಇಟ್ಟುಕೊಳ್ಳಿ.

ರಿಸೆಪ್ಷನ್ ದಿನ ಸಂಜೆ ಐದೂವರೆಗೆ ಹಿಂದಿನ ಬಾಗಿಲಿಂದ ಕರೆತಂದರು. ಕತ್ತಿಗೊಂದು ಬೆಲ್ಟ್, ಎದೆಗೊಂದು ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಹಗ್ಗ. ಒಂದು ಜಾರಿದರೆ ಇನ್ನೊಂದಿರುತ್ತೆ. ಶೇರ್ವಾನಿ ಹೊಲಿಸೋಣ ಅಂತ ತಂಗಿ ಹಟ ಮಾಡಿದ್ದಳು, ಟ್ರೇನರ್ ಬಿಡಲಿಲ್ಲ. ಲೈಟಿನ ಬಿಸಿಗೆ ನಾಯಿ ನಮ್ಮ ಹಾಗೆ ಮೈ ಬೆವರಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಕತ್ತಿಗೆ ನನ್ನ ಹಳೇ ಸೀರೆಯ ಜರಿ ಅಂಚು ಕಟ್ಟಿದೆವು, ಅಷ್ಟೇ.

ನಾನು ಎದುರಿಗೇ ಕೂತಿದ್ದೆ. ಕೆಂಚ ಬಂದು ನಿಂತ, ನೋಡಿದ, ಮುಖ ಆ ಕಡೆ ತಿರುಗಿಸಿದ. ಮೇಕಪ್, ಮಾರು ಮಲ್ಲಿಗೆ, ಅರಿಶಿನದ ವಾಸನೆ. ಪಾಪ, ಯಾರೋ ಹೆಂಗಸು ಅಂದುಕೊಂಡ. ಕೈ ಚಾಚಿದೆ. ಮೆಹಂದಿ ಮೂಸಿ ಸೀನಿದ. ‘ಲೋ ಕೆಂಚಾ’ ಅಂದೆ ನೋಡಿ, ಸೊಂಟದಿಂದ ಹಿಂದಕ್ಕೆ ಇಡೀ ಮೈ ಅಲ್ಲಾಡಿತು. ಆ ಫೋಟೋ ಈಗ ನಮ್ಮ ಹಾಲ್‌ನಲ್ಲಿದೆ. ಅದರಲ್ಲಿ ನನ್ನ ಲಿಪ್‌ಸ್ಟಿಕ್ ಅರ್ಧ ಇಲ್ಲ.

ಫೋಟೋದವರಿಗೆ ಮೊದಲೇ ಹೇಳಿದ್ದೆವು, ಫ್ಲ್ಯಾಷ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಇಪ್ಪತ್ತು ನಿಮಿಷ ಕಳೆದಿರಬಹುದು, ಕೆಂಚ ಆಕಳಿಸಿದ, ತುಟಿ ನೆಕ್ಕಿಕೊಂಡ. ನನಗೆ ಮುದ್ದು ಬಂತು. ಟ್ರೇನರ್ ಮಾತ್ರ ಎದ್ದು ನಿಂತರು. ಅದು ನಿದ್ದೆಯೂ ಅಲ್ಲ, ಹಸಿವೂ ಅಲ್ಲ, ‘ಸಾಕಪ್ಪ’ ಅಂತ ಹೇಳುವ ರೀತಿ. ಇದಾದ ಮೇಲೂ ಎಳೆದರೆ ಬಾಲ ಒಳಗೆ ಹೋಗುತ್ತೆ, ಆಮೇಲೆ ಗುರ್ ಅನ್ನುತ್ತೆ. ಇನ್ನೊಂದೇ ಒಂದು ಫೋಟೋ ಅಂತ ಸೋದರಮಾವ ಕೂಗುತ್ತಿದ್ದರು. ಟ್ರೇನರ್ ತಿರುಗಿ ನೋಡದೆ ಹಿಂದಿನ ಬಾಗಿಲಿಂದ ಕರೆದುಕೊಂಡು ಹೋದರು. ನಾನಾಗಿದ್ದರೆ ಮಾವನಿಗೆ ಇಲ್ಲ ಅನ್ನೋಕೆ ಆಗುತ್ತಿರಲಿಲ್ಲ. ರಾತ್ರಿ, ಮಾರನೇ ದಿನ ಮಧ್ಯಾಹ್ನದವರೆಗೆ ಅವರೇ ಮನೆಯಲ್ಲಿ ಜೊತೆಗಿದ್ದರು.

ಊಟದ ವಿಷಯ. ‘ಪಾಪ ತಿನ್ಲಿ ಬಿಡಿ’ ಅನ್ನುವವರೇ ದೊಡ್ಡ ಅಪಾಯ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟ್ ಕೇಕ್ ಯಾವುದೂ ಆಗಲ್ಲ. ಅಲಂಕಾರದಲ್ಲಿ ಕಣಗಿಲೆ ಇದ್ದರೆ ಅದೂ ವಿಷ. ನಮ್ಮ ಕಡೆಯ ಹಾಗೆ ನಿಮ್ಮಲ್ಲೂ ಬೀಗರೂಟ ಇದ್ದರೆ, ಬೆಂದ ಮೂಳೆ ಯಾರೂ ಹಾಕದ ಹಾಗೆ ನೋಡಿಕೊಳ್ಳಿ. ಬೆಂದ ಮೂಳೆ ಸೀಳಿ ಚೂಪಾಗುತ್ತೆ, ಗಂಟಲು, ಕರುಳಿಗೆ ಚುಚ್ಚುತ್ತೆ.

ಇನ್ನು ಕೆಲವರು ಮಾತ್ರೆ ಕೊಟ್ಟು ಮಂಪರು ಮಾಡಿ ಕರೆತನ್ನಿ ಅನ್ನುತ್ತಾರೆ. ನಿಮ್ಮಷ್ಟಕ್ಕೆ ನೀವು ಏನೂ ಕೊಡಬೇಡಿ. ಕೆಲವು ಮಾತ್ರೆಗಳಲ್ಲಿ ಮೈ ಮಾತ್ರ ಸುಮ್ಮನಾಗುತ್ತೆ, ಒಳಗಿನ ಹೆದರಿಕೆ ಹಾಗೇ ಇರುತ್ತೆ. ವೆಟರ್ನರಿ ಡಾಕ್ಟರೇ ಬರೆದುಕೊಟ್ಟರೂ ಒಂದೆರಡು ವಾರ ಮುಂಚೆ ಮನೆಯಲ್ಲಿ ಒಮ್ಮೆ ಕೊಟ್ಟು ನೋಡಲು ಹೇಳುತ್ತಾರೆ, ಹಾಗೇ ಮಾಡಿ.

ನಿಮ್ಮ ನಾಯಿಗೆ ವಯಸ್ಸೆಷ್ಟು, ಪಟಾಕಿಗೆ ಹೆದರುತ್ತಾ ಅಂತ ಬರೆದಿಲ್ಲ. ಹೋದ ದೀಪಾವಳಿಯಲ್ಲಿ ಮಂಚದ ಕೆಳಗೆ ಸೇರಿಕೊಂಡಿದ್ದರೆ ಛತ್ರದ ಆಸೆ ಬಿಟ್ಟುಬಿಡಿ, ಮನೆ ಚಪ್ಪರದ ಕೆಳಗೆ ಅರಿಶಿನ ಶಾಸ್ತ್ರದ ದಿನ ಜೊತೆಗೆ ಕೂರಿಸಿಕೊಳ್ಳಿ. ಹೆದರಲ್ಲ ಅಂದರೆ ಇವತ್ತೇ ಮೊಬೈಲಿನಲ್ಲಿ ನಾದಸ್ವರ ಹುಡುಕಿ. ಕೋಳಿ ಕಾಲು ಕೆಜಿ ಸಾಕು.