ಆ ಪ್ಲಾಸ್ಟಿಕ್ ಕೊಡ ಎಲ್ಲಿ ಹೋಯಿತು?

ನಮಸ್ಕಾರ. ಲಕ್ಕುಂಡಿಯಲ್ಲಿ ನೀವು ಸಾಕ್ಷ್ಯಚಿತ್ರ ಮಾಡಿದ ಅನುಭವದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಮೇಲೆ ಸಂಜೆ ಬಿಸಿಲು ಬೀಳುವ ಭಾಗ ಇಷ್ಟವಾಯಿತು. ಆದರೆ ಮೂರನೇ ಪುಟದ ಎರಡು ಸಾಲು ದಾಟಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

'ಬಾವಿಗೆ ಬಂದ ಹೆಣ್ಣುಮಕ್ಕಳ ಪ್ಲಾಸ್ಟಿಕ್ ಕೊಡ ತೆಗೆಸಿ ಹಿತ್ತಾಳೆ ಕೊಡ ಕೊಟ್ಟೆವು. ದೃಶ್ಯ ಸಾವಿರ ವರ್ಷ ಹಿಂದಕ್ಕೆ ಹೋಯಿತು.'

'ತೆಗೆಸಿ' ಅಂದಿದ್ದೀರಿ. ಅವರನ್ನು ಕೇಳಿದಿರಾ? 'ಹೆಣ್ಣುಮಕ್ಕಳು' ಅಂದಿದ್ದೀರಿ. ಬಾವಿಯ ಮೆಟ್ಟಿಲು ಎಣಿಸಿ ಬರೆದವರು ಅವರಲ್ಲಿ ಒಬ್ಬರ ಮಾತನ್ನೂ ಬರೆದಿಲ್ಲ. 'ಸಾವಿರ ವರ್ಷ ಹಿಂದಕ್ಕೆ' ಯಾಕೆ? ಅವರು ಇವತ್ತಿನವರು, ಅಲ್ವಾ?

ಅದರ ಕೆಳಗೇ 'ಕ್ಯಾಮೆರಾ ಸುಳ್ಳು ಹೇಳುವುದಿಲ್ಲ' ಅಂತ ಬರೆದು, ಕೆನಡಾದ ಹಿಮನಾಡಿನ ಇನ್ಯೂಟ್ ಜನರ ಬಗ್ಗೆ ಫ್ಲಾಹರ್ಟಿ ತೆಗೆದ 1922ರ ಸಾಕ್ಷ್ಯಚಿತ್ರ 'ನಾನೂಕ್ ಆಫ್ ದ ನಾರ್ತ್' ಅನ್ನು ಸಾಕ್ಷಿಗೆ ತಂದಿದ್ದೀರಿ. ಆ ಚಿತ್ರದಲ್ಲಿ ಹಿಮದ ಮನೆಯೊಳಗೆ ಬೆಳಕು ಸಾಲದೆ ಅರ್ಧ ಮನೆಯನ್ನಷ್ಟೇ ಕಟ್ಟಿಸಿ ಚಿತ್ರ ತೆಗೆದಿದ್ದರು. ಆ ಜನರ ಕೈಯಲ್ಲಿ ಆಗಲೇ ಬಂದೂಕು ಇತ್ತು. ಚಿತ್ರಕ್ಕಾಗಿ ಈಟಿ ಹಿಡಿದರು. ನಿಮ್ಮ ಹಿತ್ತಾಳೆ ಕೊಡವೂ ಆ ಈಟಿಯೂ ಬೇರೆಯಲ್ಲ.

ನೆಲ ಅಗೆಯುವ ಪುರಾತತ್ವದವರನ್ನು ನೋಡಿ. ಒಂದು ಮಡಕೆ ಚೂರು ಸಿಕ್ಕರೂ ಯಾವ ಪದರ, ಎಷ್ಟು ಆಳ ಅಂತ ಬರೆದುಕೊಂಡೇ ಎತ್ತುತ್ತಾರೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ನಮ್ಮ ಹಾವೇರಿ ಕಡೆಯ ಹಳ್ಳೂರಿನಲ್ಲಿ ಅಗೆಸಿದಾಗ, ಕಲ್ಲಿನ ಕೊಡಲಿಯವರ ನಂತರ ಕಬ್ಬಿಣ ಬಂದದ್ದು ತಿಳಿದಿದ್ದು ಪದರಗಳಿಂದಲೇ. ಚೂರನ್ನು ಚೆಂದ ಕಾಣಲಿ ಅಂತ ಸುಮ್ನೆ ಬೇರೆ ಕಡೆ ಇಟ್ಟಿದ್ದರೆ?

ನಾನು ಬರೆಯಲು ಕಲಿಯುತ್ತಿದ್ದ ಕಾಲಕ್ಕೆ ಹಾನಗಲ್ ಕಡೆಯ ಹಳ್ಳಿಯೊಂದಕ್ಕೆ ವೀರಗಲ್ಲಿನ ಫೋಟೋ ತೆಗೆಯಲು ಹೋಗಿದ್ದೆ. ಎಣ್ಣೆ, ಕುಂಕುಮ ಮೆತ್ತಿ ಕೆತ್ತನೆ ಕಾಣುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ. "ಯಾಕ ಒರಸಿದ್ಯೋ ತಮ್ಮಾ? ಮುಂಜಾನೆನ ಹಚ್ಚಿದ್ದೆ" ಅಂತ ಹಿಂದಿನಿಂದ ಅಜ್ಜಿಯೊಬ್ಬಳ ದನಿ. ಬಟ್ಟೆ ಕೆಂಪಾಗಿತ್ತು. ಫೋಟೋ ಚೊಕ್ಕ ಬಂತು, ಆದರೆ ನನಗೆ ಕಲಿಸುತ್ತಿದ್ದ ಹಿರಿಯರು ಅಚ್ಚು ಹಾಕಲಿಲ್ಲ. "ಅಜ್ಜಿ ಏನಂದಳು, ಅದನ್ನು ಯಾಕೆ ಬರೆದಿಲ್ಲ?" ಅಂದರು. ಮುಂದಿನ ವಾರ ಮತ್ತೆ ಬಸ್ ಹತ್ತಿದೆ. ಆ ಕಲ್ಲು ಯಾರದು, ಯಾಕೆ ಪೂಜೆ ಅಂತ ಅಜ್ಜಿ ಒಂದು ಗಂಟೆ ಹೇಳಿದಳು.

ನೀವೂ ಇನ್ನೊಮ್ಮೆ ಲಕ್ಕುಂಡಿಗೆ ಹೋಗಿ. ಫ್ರಾನ್ಸಿನ ಸಾಕ್ಷ್ಯಚಿತ್ರಕಾರ ಝಾನ್ ರೂಶ್ 1961ರ ತಮ್ಮ 'ಕ್ರಾನಿಕಲ್ ಆಫ್ ಎ ಸಮ್ಮರ್' ಚಿತ್ರದಲ್ಲಿ, ಯಾರನ್ನು ಚಿತ್ರೀಕರಿಸಿದ್ದರೋ ಅವರಿಗೇ ಅದನ್ನು ತೋರಿಸಿ, ಅವರ ವಾದವನ್ನೂ ಚಿತ್ರದೊಳಗೆ ಸೇರಿಸಿದರು. ನೀವೂ ಆ ಹೆಣ್ಣುಮಕ್ಕಳಿಗೆ ತೋರಿಸಿ. ಹಿತ್ತಾಳೆ ಕೊಡ ನೋಡಿ ಏನಂತಾರೆ, ಮನೆಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಆ ಪ್ಲಾಸ್ಟಿಕ್ ಕೊಡದ ಬಣ್ಣ ಯಾವುದು, ಎಲ್ಲ ಬರೆದು ಕಳಿಸಿ. ಮೂರನೇ ಪುಟಕ್ಕೆ ಜಾಗ ಇಟ್ಟಿರುತ್ತೇನೆ.